ಬೀಗರು ಹೊಗಳಿದ ಪತ್ರಿಕೆ

ಹಾವೇರಿ ಬಸ್ಸಿನಾಗ ನನ್ನ ಪಕ್ಕ ಕುಂತಾಕಿ ಶಬಾನಾ, ಕಾಲೇಜಿನಾಗ ಪಾಠ ಹೇಳೋ ಹುಡುಗಿ. ಮುಖ ಸಪ್ಪಗಿತ್ತು. ಕೇಳದ ಬಿಡೋಕಿ ನಾನಲ್ಲ. ಅವರ ಕಾಲೇಜಿಂದ ಒಂದು ಸಂಶೋಧನಾ ಪತ್ರಿಕೆ ಬರ್ತೈತಂತ. ಅದರಾಗಿನ ಬರಹಾನ ಬ್ಯಾರೆ ಪಂಡಿತರು ತಮ್ಮ ಬರಹದಾಗ ಎಷ್ಟು ಸಲ ಹೆಸರಿಸ್ಯಾರ ಅಂತ ಈಕಿ ಎಣಿಸಿ ಕೊಡಬೇಕಂತ, ಅದನ್ನ ನೋಡಿ ಪತ್ರಿಕೆ ಇಡೂದೋ ಮುಚ್ಚೂದೋ ಅಂತ ಕಾಲೇಜಿನ ದೊಡ್ಡವರು ನಾಳೆ ತೀರ್ಮಾನ ಮಾಡ್ತಾರಂತ.

"ಲೆಕ್ಕ ಚಲೋನ ಬಂದೈತ್ರಿ ಅಜ್ಜಿ, ಮನಸ್ಸು ಒಪ್ಪವಲ್ದು," ಅಂತ ಪಟ್ಟಿ ಓದಿದಳು. ಪಟ್ಟಿ ತುಂಬ ಹೆಚ್ಚಾಗಿ ಇಬ್ಬರು ಮಾಸ್ತರಗಳ ಹೆಸರು, ಒಬ್ಬ ರಾಣೆಬೆನ್ನೂರಿನಾಂವ, ಇನ್ನೊಬ್ಬ ಬ್ಯಾಡಗಿಯಾಂವ. ಅವ ತನ್ನ ಬರಹದಾಗ ಇವನ್ನ ಹೆಸರಿಸಿ ಹೊಗಳ್ಯಾನ, ಇವ ಅವನ್ನ.

ನನಗ ನಗು ತಡೀಲಿಲ್ಲ. "ಅವ್ರಿಬ್ರೂ ಬೀಗರವಾ! ರಾಣೆಬೆನ್ನೂರಿನಾಂವನ ಮಗಳನ್ನ ಬ್ಯಾಡಗಿಯಾಂವ ಸೊಸಿ ಮಾಡ್ಕೊಂಡಾನ. ಮದುವ್ಯಾಗ ಆಯೇರಿ ಸೀರಿ ಕೊಟ್ಟು ತಗೊಂಡಂಗ ಆತಿದು. ಸೀರಿ ಮನಿ ಮನಿ ಸುತ್ತತೈತಿ, ಉಡೋರು ಯಾರೂ ಇಲ್ಲ."

"ಇವ್ರನ್ನ ತಗದ್ರ ಉಳಿಯೋದು ನಾಕ ಮಂದಿರಿ. ಪತ್ರಿಕೆ ಮುಚ್ತಾರ."

"ಆ ನಾಕು ಮಂದಿ ನಿಮಗೇನರ ಬಳಗಾನ?"

"ಇಲ್ರಿ. ಒಬ್ಬಾಕಿ ಅಸ್ಸಾಮಿನಾಕಿ. ನಮ್ಮ ಮೆಣಸಿನಕಾಯಿ ಬಣ್ಣದ ಬರಹ ಓದಿ ಬರದಾಳ."

"ಅಷ್ಟು ದೂರದಾಕಿ ಸುಮ್ಮನ ಹೆಸರು ತಗೋತಾಳೇನ? ಅಂಥವರನ್ನಷ್ಟ ಎಣಿಸು."

ಮೊನ್ನೆ ಬ್ಯಾಡಗಿ ಬಜಾರದಾಗ ಸಿಕ್ಕಳು, ಮುಖ ಅರಳಿತ್ತು. ದೊಡ್ಡವರಿಗೆ ಆ ನಾಕು ಮಂದಿ ಹೆಸರಷ್ಟ ತೋರಿಸಿದ್ಲಂತ. ಮೊದಲು ಬೈದ್ರಂತ, ಆಮ್ಯಾಲೆ ಈ ನಾಕು ಮಂದಿಯಾದ್ರೂ ಖರೇನ ಓದ್ಯಾರ, ಇನ್ನೊಂದು ವರ್ಷ ನಡೀಲಿ ಅಂದ್ರಂತ.

"ಬೀಗರ ಸುದ್ದಿ ಯಾರು ಹೇಳಿದ್ರು ಅಂತ ಅವರು ಕೇಳಿದ್ರು ಅಜ್ಜಿ. ನಿಮ್ಮ ಹೆಸರು ಹೇಳ್ಲಿಲ್ಲ."

ಪುಣ್ಯಾತಗಿತ್ತಿ! ಹೆಸರು ಬಿದ್ದಷ್ಟೂ ಪಂಡಿತರಿಗೆ ಚಲೋ. ನನ್ನ ಹೆಸರು ಒಮ್ಮೆ ಬಿದ್ದಿದ್ರ, ಊರಾಗ ಯಾರೂ ನನ್ನ ಮುಂದ ಬಾಯಿ ಬಿಡ್ತಿದ್ದಿಲ್ಲ.