ವಾರಕ್ಕೊಂದು ಪೊಟ್ಟಣ

ಕಡಲೆಕಾಯಿ ಮೂಟೆಯನ್ನು ಸ್ವಲ್ಪ ಸರಿಸಲು ಹೋಗಿ ನನ್ನ ಹೆಂಡತಿ ಗಿರಿಜಮ್ಮ ನೆಲಕ್ಕೆ ಕೂತುಬಿಟ್ಟಳು. ಬೆನ್ನಲ್ಲಿ ಏನೋ ಪಟ್ ಎಂದಿತಂತೆ.

ಶಿರಾದಲ್ಲಿ ಎಕ್ಸ್‌ರೇ ತೆಗೆಸಿದೆವು. ಬೆನ್ನುಮೂಳೆ ಕುಸಿದಿತ್ತು. ಆಸ್ಟಿಯೋಪೊರೋಸಿಸ್ ಎಂದರು. ನಲವತ್ತು ವರ್ಷ ಗೌಡಗೆರೆಯ ಬಿಸಿಲಲ್ಲಿ ಕಳೆ ಕಿತ್ತವಳ ಮೂಳೆ ಟೊಳ್ಳಾಗಿದೆ ಎಂದರೆ ನಂಬುವುದು ಹೇಗೆ?

ಊಟದ ಜೊತೆ ಕ್ಯಾಲ್ಸಿಯಂ ಮಾತ್ರೆ. ವಿಟಮಿನ್ ಡಿ ಪುಡಿ ವಾರಕ್ಕೊಂದೇ ಪೊಟ್ಟಣ, ಹಾಲಿನಲ್ಲಿ. ಡಾಕ್ಟರು ನನಗೆ ಹೇಳಿದರು, ನಾನು ತಲೆಯಾಡಿಸಿದೆ.

ಆದರೆ ಅವಳು ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚುವುದನ್ನು ನೋಡಲಾಗುತ್ತಿರಲಿಲ್ಲ. ವಾರಕ್ಕೊಂದು ಯಾವ ಮೂಲೆಗೆ ಸಾಕು ಅನ್ನಿಸಿತು. ಬೇಗ ಗಟ್ಟಿಯಾಗಲಿ ಎಂದು ದಿನಕ್ಕೊಂದು ಕಲಸಿ ಕೊಟ್ಟೆ. ಮುಗಿದರೆ ಅಂಗಡಿಯಿಂದ ಮತ್ತೆ ತಂದೆ.

ಎರಡು ತಿಂಗಳು.

ಮೊದಲು ಬಾಯಾರಿಕೆ. ಎಷ್ಟು ನೀರು ಕುಡಿದರೂ ತೀರದು. ಆಮೇಲೆ ವಾಂತಿ. ಒಂದು ಮಧ್ಯಾಹ್ನ ನನ್ನನ್ನೇ ದಿಟ್ಟಿಸಿ, "ಯಾವಾಗ್ ಬಂದ್ಯಣ್ಣಾ?" ಎಂದಳು. ಅವಳ ಅಣ್ಣ ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

ತುಮಕೂರಿನ ಆಸ್ಪತ್ರೆಗೆ ಓಡಿದೆವು. ಬ್ಲಡ್ ರಿಪೋರ್ಟ್, ಶಿರಾದ ಚೀಟಿ ಎರಡನ್ನೂ ನೋಡಿದ ಲೇಡಿ ಡಾಕ್ಟರ ಮುಖ ಬಿಗಿಯಾಯಿತು.

"ಕ್ಯಾಲ್ಸಿಯಂ ವಿಪರೀತ ಏರಿದೆ. ಕಿಡ್ನಿಗೂ ಪೆಟ್ಟಾಗಿದೆ. ಪುಡಿ ಎಷ್ಟು ದಿನಕ್ಕೊಂದು ಕೊಡ್ತಿದ್ರಿ?"

"ದಿನಾ."

ಅವರು ಪೆನ್ನು ಕೆಳಗಿಟ್ಟರು. ಮಗಳು ಸವಿತಾ ನನ್ನ ತೋಳು ಹಿಡಿದಳು. "ಅಪ್ಪಾ, ಏನ್ ಮಾಡ್ಬುಟ್ಟೆ?"

ಮಾತ್ರೆ, ಪುಡಿ ಎಲ್ಲ ನಿಲ್ಲಿಸಿ ಸಲೈನ್ ಹಾಕಿದರು. ದಿನಕ್ಕೆರಡು ಸಲ ರಕ್ತ ತೆಗೆದರು. ಡಯಾಲಿಸಿಸ್ ಬೇಕಾಗಬಹುದು ಎಂದೂ ಹೇಳಿದರು. ರೋಗಕ್ಕಿಂತ ನನ್ನ ಕೈಯೇ ಅವಳನ್ನು ಹೆಚ್ಚು ಮುರಿಯಿತಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಅವಳಿಗೆ ನನ್ನ ಗುರುತು ಸಿಕ್ಕಿತು. "ಮುಖ ಯಾಕಿಂಗ್ ಮಾಡ್ಕಂಡಿದ್ದೀರಾ?"

ಎಲ್ಲ ಹೇಳಿದೆ. "ಬೇಗ ವಾಸಿ ಆಗ್ಲಿ ಅಂತ ಕೊಟ್ಟೆ ಕಣೇ."

"ಗೊತ್ತು," ಎಂದು ಗೋಡೆಯ ಕಡೆ ತಿರುಗಿದಳು.

ಡಯಾಲಿಸಿಸ್ ಬೇಕಾಗಲಿಲ್ಲ. ಕಿಡ್ನಿ ನಿಧಾನಕ್ಕೆ ಚೇತರಿಸಿಕೊಂಡಿತು. ಬೆನ್ನುನೋವು ಇದ್ದೇ ಇದೆ. ಬೆಲ್ಟ್ ಕಟ್ಟಿಕೊಂಡು ಅಂಗಳದಲ್ಲಿ ನಡೆಯುತ್ತಾಳೆ.

ಕಳೆದ ವಾರ ರಿಪೋರ್ಟ್ ನಾರ್ಮಲ್ ಬಂತು. ಮೂಳೆಗೆ ಹೊಸ ಔಷಧಿ ಬರೆದು, ಡಾಕ್ಟರು ಚೀಟಿಯನ್ನು ನನ್ನ ಕಡೆ ಚಾಚಿದರು. ಗಿರಿಜಮ್ಮ ನಡುವೆ ಕೈ ಹಾಕಿ ತೆಗೆದುಕೊಂಡಳು.

"ನಂಗೇ ಹೇಳಿ ಡಾಕ್ಟ್ರೇ. ನುಂಗೋಳು ನಾನು."

ಡಾಕ್ಟರು ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು ಮೊದಲಿನಿಂದ ಹೇಳತೊಡಗಿದರು. ಅವಳು ಒಂದೊಂದಕ್ಕೂ ಪ್ರಶ್ನೆ ಕೇಳುತ್ತಿದ್ದಳು. ಪಕ್ಕದಲ್ಲಿ ಕೂತು ಆ ದನಿ ಕೇಳುತ್ತಿದ್ದರೆ ನನಗೆ ಅಷ್ಟೇ ಸಾಕಾಗಿತ್ತು.