ಅಥಣಿಗೆ ಒಯ್ದ ಎಲೆಗಳು

ಆ ದಿನ ನಮ್ಮವರು ವೀಳ್ಯದೆಲೆ ತೋಟದಿಂದ ತಡವಾಗಿ ಬಂದರು. ಬಳ್ಳಿಯನ್ನು ಆಸರೆಯ ಶೇವರಿ ಗಿಡಕ್ಕೆ ಕಟ್ಟಲು ನಾರು ಸಾಲಲಿಲ್ಲವಂತೆ. ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆ ನಮ್ಮದು. ಕೈತೊಳೆದವರೇ ರೊಟ್ಟಿ, ಹೆಸರುಕಾಳು ಪಲ್ಯದ ತಾಟಿನ ಮುಂದೆ ಕೂತರು. ನಾಳೆ ಇಬ್ಬರೂ ಕೂಡಿ ಬಾವಿ ಕಡೆಯ ಸಾಲು ಬಿಡಿಸೋಣ ಎಂದರು. ಮದುವೆಯಾದಾಗಿನಿಂದ ಎಲೆ ಬಿಡಿಸುವಾಗ ನಾವು ಎದುರು ಬದುರು ಸಾಲಿನಲ್ಲೇ ಇರುತ್ತಿದ್ದೆವು. ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡರು. ನಿಪ್ಪಾಣಿ ದವಾಖಾನೆ ಮುಟ್ಟುವ ಮೊದಲೇ ಹೋದರು.

ಸೂತಕದಲ್ಲಿ ಮನೆಯವರು ಎಲೆ ತೋಟಕ್ಕೆ ಕಾಲಿಡುವಂತಿಲ್ಲ. ಬೇರೆ ದಿನಗಳಲ್ಲೂ ಚಪ್ಪಲಿ ಹೊರಗೆ ಬಿಟ್ಟು ಹೋಗುವ ಜಾಗ ಅದು. ಆದರೆ ಎಲೆ ಕಾಯುವುದಿಲ್ಲ. ಬಲಿತುಹೋದರೆ ಪೇಟೆಯಲ್ಲಿ ಕೇಳುವವರಿಲ್ಲ. ಅದಕ್ಕೇ ನಮ್ಮಲ್ಲೊಂದು ರೂಢಿ ಇದೆ. ಸಾವಾದ ಮನೆಯ ತೋಟದ ಎಲೆಯನ್ನು ಸುತ್ತಲಿನ ತೋಟದವರು ಬಂದು ಬಿಡಿಸಿಕೊಡುತ್ತಾರೆ. ಕೂಲಿ ಕೇಳುವುದಿಲ್ಲ, ಚಹಾ ಕೂಡ ಕುಡಿಯುವುದಿಲ್ಲ. ಹೆಬ್ಬೆರಳಿಗೆ ಹಾಕಿಕೊಂಡು ತೊಟ್ಟು ಕತ್ತರಿಸುವ ಕಬ್ಬಿಣದ ಉಗುರನ್ನೂ ತಮ್ಮ ತಮ್ಮದೇ ತರುತ್ತಾರೆ. ನಮಗೂ ಹಾಗೇ ಮಾಡಿಕೊಟ್ಟರು.

ಸೂತಕ ಕಳೆದ ಮೇಲೆ ಎಲೆಗಳ ಮೇಲೆ ಎಣ್ಣೆ ಸಿಡಿದಂಥ ಚುಕ್ಕೆಗಳು ಕಂಡವು. ಚುಕ್ಕೆ ಕಪ್ಪಾಗಿ ಸುತ್ತ ಹಳದಿ ಅಂಚು ಮೂಡಿತು. ಎಲೆ ಮೆತ್ತಗಾಗಿ ಉದುರತೊಡಗಿತು. ಸೂತಕದಲ್ಲಿ ನಾನು ತೋಟದೊಳಗೆ ಹೋಗಿರಬೇಕು ಎಂದರು ಅತ್ತೆ. ನಾನು ಹೋಗಿರಲಿಲ್ಲ. ಹೇಳಿದೆ; ನಂಬಲಿಲ್ಲ. ಅಂದಿನಿಂದ ನನಗೆ ತೋಟ ಬಂದ್ ಆಯಿತು. ಬಳ್ಳಿ ಕಿತ್ತು ಕಬ್ಬು ಹಚ್ಚುವ ಮಾತೂ ಶುರುವಾಯಿತು. ಕೀಳುವ ಮೊದಲು ಒಮ್ಮೆ ತಿಳಿದವರಿಗೆ ತೋರಿಸೋಣ ಎಂದು ಮೈದುನ ಅಣ್ಣಾಸಾಬನನ್ನು ಬೇಡಿಕೊಂಡೆ.

ಎಂಬತ್ತರ ದಶಕದ ಕೊನೆಯ ಶ್ರಾವಣ ಅದು. ರೋಗದ ಎಲೆಗಳನ್ನು ಹಸಿ ಬಟ್ಟೆಯಲ್ಲಿ ಸುತ್ತಿಕೊಂಡು ನಸುಕಿನ ಬಸ್ಸಿಗೆ ಚಿಕ್ಕೋಡಿಗೆ ಹೋದೆವು. ಅಲ್ಲಿಯ ತೋಟಗಾರಿಕೆ ಕಚೇರಿಯಲ್ಲಿ ಎಲೆ ತೋಟದ ವಿಷಯ ತಿಳಿದ ಸಾಹೇಬರು ಅಥಣಿಯಲ್ಲಿರುತ್ತಾರೆ ಎಂದರು. ರಾಯಬಾಗದ ಬಸ್ಸು ಹೋದ ಮೇಲೆ ಕಾಗವಾಡದ ಬಸ್ಸು ಬಂತು. ಒಳಗೆಲ್ಲ ತಂಬಾಕಿನ ಚೀಲಗಳ ಘಾಟು. ಪಕ್ಕದಲ್ಲಿ ಎಲೆ ಮಾರುವ ಮುದುಕಿಯೊಬ್ಬಳು ನನ್ನ ಗಂಟು ಬಿಚ್ಚಿಸಿ ನೋಡಿದಳು.

“ಏನಬೇ, ನಿಮ್ಮ ಎಲಿಗೂ ದೇವಿ ಬಂದಾಳೇನ? ಬೇವಿನ ತೊಪ್ಪಲಾ ಹಾಸಿ ಮಲಗಸರಿ” ಎಂದಳು.

ಎಲೆಗೂ ಸಿಡುಬು ಬಂತೇ ಎಂದು ಸುತ್ತಲಿನವರು ನಕ್ಕರು. ಅಣ್ಣಾಸಾಬ ಗಂಟನ್ನು ಕಸಿದು ಟವೆಲಿನ ಕೆಳಗೆ ಇಟ್ಟುಕೊಂಡ. ಅಂಕಲಿ ದಾಟುವಾಗ ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಕಾಗವಾಡದಲ್ಲಿ ಬಸ್ಸು ಬದಲಿಸಿದೆವು. ದಾರಿಯ ಎರಡೂ ಕಡೆ ಕಬ್ಬು. ನಮ್ಮ ತೋಟವೂ ಹೀಗೇ ಆಗುತ್ತದಲ್ಲ ಎಂದುಕೊಂಡೆ. ಆದರೇನಂತೆ ಎಂದೂ ಅನ್ನಿಸಿತು. ಆ ದಿನಗಳಲ್ಲಿ ನನಗೆ ಎರಡೂ ಅನ್ನಿಸುತ್ತಿತ್ತು.

ಅಥಣಿಯ ಸಾಹೇಬರು ವಯಸ್ಸಾದವರು. ಚುಕ್ಕೆಯ ಅಂಚಿನಿಂದ ಚೂರು ಕತ್ತರಿಸಿ ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿಟ್ಟರು. ಸೂಕ್ಷ್ಮದರ್ಶಕದಲ್ಲಿ ತಾವು ನೋಡಿ ನನಗೂ ತೋರಿಸಿದರು. ಎಲೆಯ ಕತ್ತರಿಸಿದ ಕಡೆಯಿಂದ ಹಸಿ ಸೆಗಣಿ ಕುಳ್ಳಿನ ಹೊಗೆಯಂತೆ ಏನೋ ನೀರಿಗೆ ಹರಿದು ಬರುತ್ತಿತ್ತು. ಅದು ಲೆಕ್ಕವಿಲ್ಲದಷ್ಟು ದುಂಡಾಣುಗಳ ಹಿಂಡು ಎಂದರು.

“ಸಿಪ್ಪಿ ಒಡದು ಒಳಗ ಬರೂ ಶಕ್ತಿ ಇವಕ್ಕಿಲ್ರಿ ಅಕ್ಕಾರ. ಎಲಿ ಉಸಿರಾಡೂ ತೂತರ ಬೇಕು, ಇಲ್ಲಾ ಗಾಯಾರ ಬೇಕು” ಎಂದರು.

ಒಳಗೆ ಸೇರಿದ ಮೇಲೆ ಎಲೆಯ ಸಂದುಗಳಲ್ಲಿ ಬೆಳೆಯುತ್ತವಂತೆ. ಮೊದಲು ನೀರಿಳಿದಂಥ ಚುಕ್ಕೆ, ಆಮೇಲೆ ಆ ಜಾಗ ಸಾಯುತ್ತದೆ. ಮಳೆ ಬಿದ್ದಾಗ ಹೊರಗೆ ಒಸರಿ, ಹನಿ ಸಿಡಿದಲ್ಲಿಗೆ ಹೋಗಿ ಇನ್ನೊಂದು ಎಲೆ ಸೇರುತ್ತವೆ. ಅವೂ ಜೀವಗಳೇ ಎಂದು ಕೇಳಿದೆ. ಹೌದು, ಅವಕ್ಕೂ ಹೊಟ್ಟೆ ಇದೆ ಎಂದರು. ಜೀವ ಸಾಯದಿರಲೆಂದು ನೀರು ಸೋಸಿ ಕುಡಿಯುವ ಮನೆಯವಳು ನಾನು. ಕೊನೆಗೆ, ಯಾವುದಕ್ಕೆ ಅಷ್ಟು ದೂರ ಬಂದಿದ್ದೆನೋ ಅದನ್ನೇ ಕೇಳಿದೆ.

“ಸೂತಕದವರು ತೋಟದಾಗ ಹೋದ್ರ ಹಿಂಗಾಗತೈತೇನ್ರಿ?”

“ಅವಕ್ಕ ಸೂತಕ ಗೊತ್ತಿಲ್ರಿ” ಎಂದರು. ಆಮೇಲೆ, ಕಡೆಯ ಸಲ ಎಲೆ ಬಿಡಿಸಿದವರು ಯಾರು ಎಂದು ಕೇಳಿದರು.

ಅಣ್ಣಾಸಾಬ ಸುತ್ತಲಿನವರ ಉಪಕಾರವನ್ನು ಹೆಮ್ಮೆಯಿಂದ ಹೇಳಿದ. ಅವರ ತೋಟಗಳಲ್ಲಿ ಇಂಥ ಚುಕ್ಕೆ ಇತ್ತೇ ಎಂದು ಸಾಹೇಬರು ಕೇಳಿದಾಗ, ಎರಡು ತೋಟದಲ್ಲಿ ಇತ್ತು ಎಂದ. ಕಬ್ಬಿಣದ ಉಗುರು ತೊಳೆದಿದ್ದರೇ ಎಂದಾಗ, ಅದನ್ನು ಯಾರೂ ತೊಳೆಯುವುದಿಲ್ಲ ಎಂದ. ಒಂದೊಂದು ತೊಟ್ಟು ಕತ್ತರಿಸಿದಾಗಲೂ ಬಳ್ಳಿಗೆ ಒಂದೊಂದು ಗಾಯ. ಹೀಗೇ ಬಂತೆಂದು ಆಣೆ ಮಾಡಿ ಹೇಳಲಾರೆ, ಮಳೆಯಿಂದಲೂ ಬಂದಿರಬಹುದು ಎಂದರು ಸಾಹೇಬರು. ರೋಗ ಹತ್ತಿದ ಬಳ್ಳಿ ಕಿತ್ತು ಸುಡಬೇಕು, ಎಲೆ ಹಸಿ ಇರುವಾಗ ಬಿಡಿಸಬಾರದು, ಉಗುರನ್ನು ಕುದಿನೀರಲ್ಲಿ ಅದ್ದಬೇಕು, ಉಳಿದದ್ದಕ್ಕೆ ಮೈಲುತುತ್ತ–ಸುಣ್ಣ ಹೊಡೆಯಬೇಕು. ಅರ್ಧ ತೋಟ ಉಳಿದೀತು.

ತಿರುಗಿ ಬರುವಾಗ ಕಾಗವಾಡದಲ್ಲಿ, ಹೊತ್ತಿರುವಾಗಲೇ ಬುತ್ತಿ ಬಿಚ್ಚಿದೆವು. ಅಣ್ಣಾಸಾಬ ರೊಟ್ಟಿ ಮುಟ್ಟಲಿಲ್ಲ.

“ವೈನಿ, ಉಗುರಿನ ಮಾತ ಮನ್ಯಾಗ ತಗೀಬ್ಯಾಡ್ರಿ. ಅಣ್ಣನ ಹೆಣಕ್ಕ ಹೆಗಲ ಕೊಟ್ಟ ಮಂದಿ ಅವರು.”

“ಹಂಗಾದ್ರ ಅತ್ತಿ ಕಣ್ಣಾಗ ನಾನಽ ರೋಗ ತಂದಾಕಿ ಆದ್ನಲ್ಲ?”

ಬಸ್ಸು ಬಂತು. ನನಗೆ ಸುತ್ತಲಿನ ತೋಟದವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಗ್ಗಿ ನಮ್ಮ ಸಾಲುಗಳಲ್ಲಿ ಎಲೆ ಬಿಡಿಸುತ್ತಿದ್ದ ಅವರನ್ನು ನಾನು ಪಡಸಾಲೆಯ ಕಿಟಕಿಯಿಂದ ನೋಡಿದ್ದೆ. ಒಬ್ಬರು ನಡುನಡುವೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಮನೆಯಲ್ಲಿ ಅತ್ತೆ, ಯಾರಿಂದ ಬಂತಂತೆ ಎಂದು ಮೊದಲು ಅದನ್ನೇ ಕೇಳಿದರು. ಮಳೆಯಿಂದ ಎಂದ ಅಣ್ಣಾಸಾಬ. ಅತ್ತೆ ನನ್ನ ಮುಖ ನೋಡಿದರು. ಕಣ್ಣಿಗೆ ಕಾಣದ ಜೀವಗಳು, ಅವಕ್ಕೆ ಸೂತಕ ಗೊತ್ತಿಲ್ಲವಂತೆ ಎಂದಷ್ಟೇ ಹೇಳಿದೆ. ಮರುದಿನ ಅಣ್ಣಾಸಾಬ ರೋಗದ ಸಾಲುಗಳನ್ನು ಕಿತ್ತು ಸುಟ್ಟ. ಕಬ್ಬಿನ ಮಾತು ನಿಂತಿತು.

ಈಗ ವರ್ಷ ಕಳೆದಿದೆ, ಉಳಿದ ಅರ್ಧ ತೋಟ ಚಿಗುರಿದೆ. ವಾರಕ್ಕೊಮ್ಮೆ ಎಲೆ ಪೇಟೆಗೆ ಹೋಗುತ್ತದೆ. ನಾನು ತೋಟದ ಹೊರಗೆ ಬದುವಿನ ಮೇಲೆ ಕೂತು ಎಲೆಯ ಪೆಂಡಿ ಕಟ್ಟುತ್ತೇನೆ. ಒಳಗೆ ಬಾ ಎಂದು ಅತ್ತೆ ಇನ್ನೂ ಹೇಳಿಲ್ಲ.