ಅಜ್ಜನ ತೋಡಿಯಲ್ಲಿ ಒಂದು ಠಣ್

ಹಾಡು ಕೇಳಬೇಕೆಂದರೆ ಹಾಡುವವರ ಮನೆ ಬಾಗಿಲಿಗೇ ಹೋಗಬೇಕಾಗಿದ್ದ ದಿನಗಳು ಅವು. ನಮಗೆ ಮಾತ್ರ ಆ ತೊಂದರೆ ಇರಲಿಲ್ಲ, ನಾವು ಆ ಬಾಗಿಲ ಒಳಗೇ ಹುಟ್ಟಿದವರು. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದೊಂದು ಹಂಚಿನ ಮನೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಒಂದು ದಪ್ಪ ಮಣ್ಣಿನ ಗೋಡೆ. ಪಡಸಾಲೆಯಲ್ಲಿ ನನ್ನ ಅಜ್ಜ ಶ್ರೀಪಾದಬುವಾ ಬೆಳಿಗ್ಗೆ ತಂಬೂರಿ ಹಿಡಿದು ಕೂತರೆಂದರೆ ಅವರ ಸ್ವರವೂ ಅಡುಗೆಮನೆಯ ರೊಟ್ಟಿ ಬಡಿಯುವ ಸದ್ದೂ ಕೂಡಿಯೇ ಓಣಿಗೆ ಹೋಗುತ್ತಿದ್ದವು. ಬೇರೆ ಮನೆಯ ಮಕ್ಕಳು ಕೋಳಿ ಕೂಗಿಗೆ ಎದ್ದರೆ ನಾನು ತೋಡಿ ರಾಗಕ್ಕೆ ಏಳುತ್ತಿದ್ದೆ. ಏಳುತ್ತಿದ್ದೆ ಅನ್ನುವುದಕ್ಕಿಂತ, ಅದು ಮಲಗಲು ಬಿಡುತ್ತಿರಲಿಲ್ಲ ಅನ್ನುವುದೇ ಖರೆ.

ಅಜ್ಜನ ಹಾಡು ಕೇಳಲು ಗದಗ, ಬೆಳಗಾವಿಯಿಂದ ಜನ ಬರುತ್ತಿದ್ದರಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನಮ್ಮ ಮನೆಯ ಹೆಂಗಸರು ಯಾರೂ ಹಾಡಿನ ಬೈಠಕ್ಕಿಗೆ ಹೋದವರಲ್ಲ. ಹೋಗಬಾರದೆಂದು ಯಾರೂ ಹೇಳಿರಲಿಲ್ಲ. ಹೋಗುವ ಪದ್ಧತಿ ಇರಲಿಲ್ಲ, ಅಷ್ಟೇ. ನನ್ನ ಅಜ್ಜಿ ತುಂಗಾಬಾಯಿ ಮದುವೆಯಾಗಿ ಬಂದ ದಿನದಿಂದ ಗಂಡನ ಹಾಡನ್ನು ಗೋಡೆಯ ಈಚೆಯಿಂದಲೇ ಕೇಳಿದವಳು.

ಅವಳಿಗೊಂದು ಚಾಳಿ ಇತ್ತು. ಅಜ್ಜನ ಹಾಡಿನಲ್ಲಿ ಒಂದು ಜಾಗ ಒಪ್ಪವಾಗಿ ಬಂತೆಂದರೆ ಕೈಯಲ್ಲಿದ್ದ ಸೌಟನ್ನು ಹಿತ್ತಾಳೆ ಬೋಗುಣಿಯ ಅಂಚಿಗೆ ಒಮ್ಮೆ ತಾಕಿಸುತ್ತಿದ್ದಳು. ಠಣ್. ನಾನು ಬಹಳ ದಿನ ಅದು ಬೇಳೆ ಕಲಕುವ ಸದ್ದೆಂದೇ ತಿಳಿದಿದ್ದೆ. ಒಂದು ದಿನ ನೋಡುತ್ತೇನೆ, ಒಲೆಯ ಮೇಲೆ ಏನೂ ಇಲ್ಲ, ಬೋಗುಣಿ ಖಾಲಿ, ಅಜ್ಜಿ ಕಣ್ಣು ಮುಚ್ಚಿ ಕೂತಿದ್ದಾಳೆ. ಆದರೂ ಠಣ್!

"ಅಜ್ಜೀ, ಖಾಲಿ ಬೋಗುಣಿ ಯಾಕ ಬಡಿತೀ?" ಎಂದೆ.

"ಬೆಕ್ಕು ಓಡಿಸ್ಲಿಕ್ಕೆ. ಸುಮ್ನ ಕೂಡ್ರು ನೀ."

ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಆಮೇಲೆ ಕಿವಿಗೊಟ್ಟು ಕೇಳಿದಾಗ ತಿಳಿಯಿತು. ಅಡುಗೆಮನೆಯಿಂದ ಠಣ್ ಬಂದರೆ ಅಜ್ಜ ಆ ತಾನನ್ನು, ಆ ಸ್ವರಗಳ ಓಟವನ್ನು, ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದರು. ಬರದಿದ್ದರೆ ಮತ್ತೆ ಅದನ್ನೇ, ಮತ್ತೆ ಅದನ್ನೇ. ಕೆಲವು ದಿನ ಅಜ್ಜಿ ಹಟ ಹಿಡಿದವಳ ಹಾಗೆ ಸೌಟು ಎತ್ತುತ್ತಲೇ ಇರಲಿಲ್ಲ. ಅಂಥ ದಿನ ನಮ್ಮ ಹೊಟ್ಟೆಗೆ ರೊಟ್ಟಿ ಬೀಳುವುದೂ ತಡ. ಗಂಡ ಹೆಂಡತಿ ಈ ವಿಷಯ ಒಂದು ದಿನವಾದರೂ ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿರಲಿಲ್ಲ.

ನನಗೆ ಎಂಟೊಂಬತ್ತು ವರ್ಷವಿದ್ದಾಗ ಹುಬ್ಬಳ್ಳಿಯ ಚೆನ್ನಬಸಪ್ಪ ಶೆಟ್ಟರು ಒಂದು ಸುದ್ದಿ ತಂದರು. ಅವರು ಅರಳೆ ವ್ಯಾಪಾರಿಗಳು, ಅಜ್ಜನ ಹಾಡೆಂದರೆ ಊಟ ಬಿಟ್ಟು ಬರುವವರು. ಮುಂಬಯಿಯಿಂದ ಗ್ರಾಮೋಫೋನ್ ಕಂಪನಿಯ ಸಾಹೇಬನೊಬ್ಬ ಬರುತ್ತಾನೆ, ತಮ್ಮ ಮಹಡಿಯ ಮೇಲೇ ಯಂತ್ರ ಹೂಡುತ್ತಾನೆ, ಬುವಾ ಅವರ ತೋಡಿ ಪ್ಲೇಟಿನಲ್ಲಿ ಬರಬೇಕು ಎಂದರು.

ಊರಿನ ಹಿರಿಯ ಗವಾಯಿಗಳಿಗೆ ಇದು ತಿಳಿದದ್ದೇ ತಡ, ನಮ್ಮ ಪಡಸಾಲೆ ತುಂಬಿತು. ಯಂತ್ರದ ಮುಂದೆ ಹಾಡಿದರೆ ಗಂಟಲಿನ ಸತ್ವವನ್ನೆಲ್ಲ ಅದು ಹೀರಿಕೊಳ್ಳುತ್ತದೆ ಎಂದರು ಒಬ್ಬರು. ಇನ್ನೊಬ್ಬರಿಗೆ ಸಿಟ್ಟೇ ಬಂದಿತ್ತು. "ರಾಗ ಅಂದ್ರ ಅವಲಕ್ಕಿ ಏನ್ರಿ ಬುವಾ, ಪುಡಿಕಿ ಕಟ್ಟಿ ಮಾರ್ಲಿಕ್ಕೆ?"

ಅಜ್ಜ ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಹೇಳಿದರು. "ನನಗ ಅರವತ್ತು ದಾಟ್ಯಾವ. ಉಸಿರು ಮೊದಲಿನಂಗ ನಿಲ್ಲವಲ್ದು. ಇನ್ನೆರಡು ವರ್ಷಕ್ಕ ಈ ದನಿ ಇರ್ತದೋ ಇಲ್ಲೋ. ನನ್ನ ಕೇಳಿದವರೊಳಗ ಅರ್ಧ ಮಂದಿ ಹೋದ್ರು, ಉಳಿದವರಿಗೆ ಪಾವಟಿಗಿ ಏರ್ಲಿಕ್ಕೆ ಆಗೂದಿಲ್ಲ. ಅವರು ಬರಲಿಕ್ಕೆ ಆಗದಿದ್ರ ನಾನಽ ಅವರ ಮನಿಗೆ ಹೋಗ್ತೇನಿ. ಪ್ಲೇಟಿನ್ಯಾಗ ಕೂತು ಹೋದ್ರ ಏನಾತು?"

ಗೋಡೆಯ ಆಚೆ ಅಡುಗೆಮನೆಯಲ್ಲಿ ಠಣ್ ಎಂದಿತು. ನಾನೊಬ್ಬಳೇ ನಕ್ಕೆ.

ಹುಬ್ಬಳ್ಳಿಗೆ ಹೋಗುವ ದಿನ ಅಜ್ಜಿಯೂ ಹೊರಟಳು. ಹಾಡು ಕೇಳಲಿಕ್ಕಲ್ಲ, ಅಜ್ಜನ ಮಡಿ ಕಾಯಲಿಕ್ಕೆ. ಅಜ್ಜ ಪರರ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ದಪಾಟಿ, ಶೇಂಗಾ ಚಟ್ನಿ, ಮೊಸರು ಬುತ್ತಿ, ಗಂಟಲಿಗೆಂದು ಮೆಣಸು ಜೀರಿಗೆಯ ಕಷಾಯ ತುಂಬಿದ ಹಿತ್ತಾಳೆ ತಂಬಿಗೆ, ಅದಕ್ಕೊಂದು ಚಮಚ, ಇಷ್ಟೂ ಅವಳ ಮಡಿಲಲ್ಲಿ. ನಾನು ಅತ್ತು ಕರೆದು ಅವಳ ಸೆರಗು ಹಿಡಿದುಕೊಂಡೆ. ಉಗಿಬಂಡಿಯ ಕಿಟಕಿಯಿಂದ ಕಲ್ಲಿದ್ದಲಿನ ಹೊಗೆ, ಮಡಿಲಿನಿಂದ ಜೀರಿಗೆಯ ವಾಸನೆ. ಇಂದಿಗೂ ಯಾರಾದರೂ ಜೀರಿಗೆ ಹುರಿದರೆ ನನಗೆ ರೈಲು ನೆನಪಾಗುತ್ತದೆ.

ಶೆಟ್ಟರ ಮಹಡಿ ನೋಡಿ ನಾನು ಬೆರಗಾದೆ. ಹೊರಗಿನ ಸದ್ದು ಬರಬಾರದೆಂದು ಗೋಡೆಗಳಿಗೆಲ್ಲ ಕೌದಿ ತೂಗುಹಾಕಿದ್ದರು, ಸುತ್ತ ಅರಳೆಯ ಅಂಡಿಗೆಗಳನ್ನು ಆಳೆತ್ತರ ಒಟ್ಟಿದ್ದರು. ಅಜ್ಜಿ ಬೇಡವೆಂದರೂ ನಾನು ಅಂಡಿಗೆಯಿಂದ ಅಂಡಿಗೆಗೆ ಹಾರಿ ಮೈತುಂಬ ಅರಳೆ ಮಾಡಿಕೊಂಡೆ. ಕೋಣೆಯ ನಡುವೆ ಕೋಲಿನ ತುದಿಗೆ ದನಿ ಹಿಡಿಯುವ ಒಂದು ಡಬ್ಬಿ, ಅದರ ಪಕ್ಕ ಒಂದು ಕೆಂಪು ದೀಪ. ಸಾಹೇಬ ಮೇಣದ ಪ್ಲೇಟು ತಿರುಗಿಸುವ ಯಂತ್ರದೊಂದಿಗೆ ಅತ್ತ ಕಡೆಯ ಕೋಣೆಯಲ್ಲಿ. ನಾನೂ ಅಜ್ಜಿಯೂ ಇತ್ತ ಕಡೆಯ ಕೋಣೆಯ ಬಾಗಿಲ ಹಿಂದೆ, ಸಂದಿಗೆ ಕಣ್ಣು ಹಚ್ಚಿ. ಅಜ್ಜನ ಜೊತೆ ಒಳಗೆ ಇದ್ದವರು ತಬಲಾ ನುಡಿಸುವ ಹುಸೇನ್ ಕಾಕಾ ಒಬ್ಬರೇ. ಕೆಂಪು ದೀಪ ಹತ್ತಿದರೆ ಹಾಡಬೇಕು, ಮೂರು ಮಿನಿಟಿಗೆ ಅದು ಆರುತ್ತದೆ, ಅಷ್ಟರಲ್ಲಿ ಮುಗಿಸಬೇಕು, ಹಾಡು ಬಿಟ್ಟು ಬೇರೊಂದು ಸದ್ದು ಆಗಕೂಡದು ಎಂದು ಸಾಹೇಬ ಹಿಂದಿಯಲ್ಲಿ ತಿಳಿಹೇಳಿದ.

ದೀಪ ಹತ್ತಿತು. ಅಜ್ಜ ಕಣ್ಣು ಮುಚ್ಚಿ ಷಡ್ಜದ ಮೇಲೆ ಕೂತರು. ಕೂತೇ ಇದ್ದರು. ಮೆಲ್ಲಗೆ ಆಲಾಪ ಎತ್ತಿ ಒಂದೆರಡು ಸ್ವರ ಸವರುವಷ್ಟರಲ್ಲಿ ದೀಪ ಆರಿಹೋಯಿತು. ಸಾಹೇಬ ಬಂದು, ಹಾಡು ಯಾವಾಗ ಶುರುವಾಗುತ್ತದೆ ಎಂದು ಕೇಳಿದ. "ಬಂದವರಿಗೆ ಕೈಕಾಲಿಗೆ ನೀರು ಕೊಡೂದಕ್ಕಽ ಮೂರು ಮಿನಿಟು ಬೇಕು, ಅದೆಂಥಾ ಹಾಡೋ ಮಾರಾಯಾ!" ಎಂದರು ಅಜ್ಜ.

ಎರಡನೆಯ ಸಲ ಆಲಾಪವನ್ನು ಚಿಕ್ಕದು ಮಾಡಿ ನೇರ ಚೀಜಿಗೇ, ಹಾಡಿನ ಸಾಹಿತ್ಯಕ್ಕೇ, ಇಳಿದರು. ಒಂದು ತಾನು ಸೊಗಸಾಗಿ ಹೋಗಿ ತಾಳದ ಮೊದಲ ಪೆಟ್ಟಿಗೆ, ಸಮಕ್ಕೆ, ಬಂದು ಕೂತಿತು. ಬೈಠಕ್ಕಿನಲ್ಲಾದರೆ ಅಲ್ಲಿ ಇಡೀ ಸಭೆ ವಾಹ್ ಎನ್ನಬೇಕು. ಅಜ್ಜ ಕಣ್ಣು ತೆರೆದರು. ಎದುರಿಗೆ ಕೌದಿ, ಅಂಡಿಗೆ, ಡಬ್ಬಿ. ರೂಢಿ ಬಿಡಬೇಕಲ್ಲ, ಹುಸೇನ್ ಕಾಕಾನ ಕಡೆ ತಿರುಗಿ "ಹೆಂಗಾತು?" ಎಂದುಬಿಟ್ಟರು. ಕಾಕಾನೂ ರೂಢಿಯಂತೆ "ಕ್ಯಾ ಬಾತ್ ಹೈ, ಬುವಾ!" ಎಂದು ಕೂಗಿದರು. ಸಾಹೇಬ ತಲೆ ಮೇಲೆ ಕೈಯಿಟ್ಟುಕೊಂಡು ಬಂದ.

ಇನ್ನೊಂದು ಸಲ ನೋಡೋಣ, ಆಗದಿದ್ದರೆ ಬಿಟ್ಟುಬಿಡೋಣ, ಸಂಜೆಯ ರೈಲಿಗೆ ಹೊರಡಬೇಕು, ಮತ್ತೆ ಈ ಕಡೆ ಬರುವುದು ಖಾತ್ರಿಯಿಲ್ಲ ಎಂದ. ಅಜ್ಜ ನಮ್ಮ ಕೋಣೆಗೆ ಬಂದು ಅಂಡಿಗೆಯ ಮೇಲೆ ಕುಸಿದರು, ಶೆಟ್ಟರೂ ಹಿಂದೆಯೇ ಬಂದು ನಿಂತರು. ಅಷ್ಟು ದೊಡ್ಡ ಮನುಷ್ಯರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿರಲಿಲ್ಲ. ನನಗೆ ಅಳು ಬಂತು.

"ನನ್ನಿಂದ ಆಗೂದಿಲ್ಲ ಶೆಟ್ರ. ಕೇಳವರ ಮಾರಿ ಕಾಣದಽ ಹಾಡೂದು ನನಗ ಗೊತ್ತಿಲ್ಲ. ಮಂದಿ ಹೇಳಿದ್ದಽ ಖರೇ ಆತು."

ಅಜ್ಜಿ ತಂಬಿಗೆಯಿಂದ ಕಷಾಯ ಬಗ್ಗಿಸಿ ಕೊಟ್ಟಳು. ಪರಗಂಡಸರ ಮುಂದೆ ಎಂದೂ ತುಟಿ ಬಿಚ್ಚದವಳು, ಸೆರಗು ತಲೆಯ ಮೇಲೆ ಎಳೆದುಕೊಂಡು, ಅವರು ಕುಡಿಯುವಷ್ಟರಲ್ಲಿ ಮೆಲ್ಲಗೆ ಅಂದಳು.

"ಯಾಕ ಗೊತ್ತಿಲ್ರಿ? ದಿನಾ ಮುಂಜಾನೆ ಅದನ್ನಽ ಮಾಡ್ತೀರಿ. ಗ್ವಾಡಿ ಮುಂದ ಕೂತು ಹಾಡ್ತೀರಿ, ಆಚಿಕಡೆ ನಾವಿರ್ತೇವಿ. ಆ ಡಬ್ಬಿನೂ ಒಂದು ಗ್ವಾಡಿ ಅಂತ ತಿಳೀರಿ. ಅದರ ಆಚಿಕಡೆನೂ ಯಾರರೆ ರೊಟ್ಟಿ ಬಡೀತಿರ್ತಾರ."

ಅಜ್ಜ ಲೋಟ ಕೆಳಗಿಡುವುದನ್ನು ಮರೆತು ಅವಳನ್ನೇ ನೋಡಿದರು. ಆಮೇಲೆ ಎದ್ದು ಒಳಗೆ ಹೋದರು. ಹೋಗುವಾಗ ಸಾಹೇಬನಿಗೆ ಒಂದೇ ಒಂದು ಮಾತು ಹೇಳಿಸಿದರು, ನಮ್ಮ ಕೋಣೆಯ ಬಾಗಿಲು ಪೂರ್ತಿ ಹಾಕುವುದು ಬೇಡ, ತುಸು ತೆರೆದಿರಲಿ.

ಮೂರನೆಯ ಸಲ ಅವರು ಕೂತ ರೀತಿಯೇ ಬೇರೆ. ಮಾಳಮಡ್ಡಿಯ ಪಡಸಾಲೆಯಲ್ಲಿ ಕೂತ ಹಾಗೆ. ಕಣ್ಣು ಡಬ್ಬಿಯ ಮೇಲಿದ್ದರೂ ಅವರು ಅದರಾಚೆ ಯಾರನ್ನೋ ನೋಡುತ್ತಿದ್ದರು. ತೋಡಿ ಬೆಳಗಿನ ತೋಡಿಯಾಗಿಯೇ ಬಂತು. ನನಗೆ ಹಸಿವಾಯಿತು, ರೊಟ್ಟಿಯ ವಾಸನೆ ಬಂದ ಹಾಗಾಯಿತು. ಹಿಂದಿನ ಸಲ ಮಾತಿನಲ್ಲಿ ಮುರಿದುಹೋದ ಅದೇ ತಾನು ಈಗ ಮೇಲಿನಿಂದ ಇಳಿದು, ಬಳುಕಿ, ಸಮಕ್ಕೆ ಬಂದು ಕೂತಿತು. ಅಲ್ಲಿ ಅಜ್ಜ ಒಂದು ಕ್ಷಣ ನಿಂತರು.

ಠಣ್.

ನಾನು ತಿರುಗಿ ನೋಡಿದೆ. ಅಜ್ಜಿಯ ಕೈಯ ಚಮಚ ತಂಬಿಗೆಯ ಕಂಠಕ್ಕೆ ತಾಗಿತ್ತು. ತಾನು ಏನು ಮಾಡಿದೆನೆಂದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ ಚಮಚವನ್ನು ಸೆರಗಿನಲ್ಲಿ ಮುಚ್ಚಿ, ಅಂಡಿಗೆಯ ಸಂದಿಯಲ್ಲಿ ಮುದುಡಿ ಕೂತಳು. ಒಳಗೆ ಅಜ್ಜನ ಮುಖ ಮಾತ್ರ ಬೆಳಗಿತು. ಮುಂದಿನ ತಾನಿಗೆ ಹೋದರು, ಅದರ ಮುಂದಿನದಕ್ಕೆ ಹೋದರು, ದೀಪ ಆರುವುದಕ್ಕೆ ಸರಿಯಾಗಿ ಮುಗಿಸಿ, ಆಗಿನ ಪ್ಲೇಟುಗಳ ಪದ್ಧತಿಯಂತೆ ಎತ್ತರದ ದನಿಯಲ್ಲಿ "ಶ್ರೀಪಾದಬುವಾ, ಧಾರವಾಡ!" ಎಂದು ಹೆಸರು ಹೇಳಿದರು.

ಸಾಹೇಬ ಓಡಿ ಬಂದ. ಹಾಡು ಬಹಳ ಛಲೋ ಬಂದಿದೆ, ಆದರೆ ನಡುವೆ ಅದೇನೋ ಪಾತ್ರೆಯ ಸದ್ದು, ಇನ್ನೊಂದು ಮೇಣ ಹಾಳಾದರೂ ಚಿಂತೆಯಿಲ್ಲ, ಮತ್ತೊಮ್ಮೆ ಹಾಡಿ ಎಂದ. ಅಜ್ಜಿ ಸೆರಗಿನೊಳಗೆ ಇನ್ನಷ್ಟು ಸಣ್ಣದಾದಳು.

"ಇಲ್ಲ," ಎಂದರು ಅಜ್ಜ. "ಹುಸೇನ್, ಸಾಹೇಬಗ ಹೇಳು. ಇದನ್ನಽ ಇಡು ಅಂತ. ನನಗ ಬರಬೇಕಾದ ವಾಹ್ ಬಂತು, ಇನ್ನೊಮ್ಮೆ ಹಾಡಿದ್ರ ಇದು ಬರೂದಿಲ್ಲ."

ಕಾಕಾ ಅದನ್ನು ಹೇಗೆ ಹಿಂದಿಗೆ ಹಾಕಿದರೋ, ಸಾಹೇಬ ಗಡಿಯಾರ ನೋಡಿಕೊಂಡು, ಭುಜ ಕುಣಿಸಿ, ಒಪ್ಪಿಕೊಂಡ. ಆ ಮಧ್ಯಾಹ್ನ ಅಂಡಿಗೆಗಳ ನಡುವೆ ಕೂತು ತಿಂದ ದಪಾಟಿಯಷ್ಟು ರುಚಿಯಾದದ್ದನ್ನು ನಾನು ಮತ್ತೆ ತಿಂದಿಲ್ಲ.

ಚಳಿಗಾಲಕ್ಕೆ ಪ್ಲೇಟು ಬಂತು. ಶೆಟ್ಟರು ತಮ್ಮ ಗ್ರಾಮೋಫೋನನ್ನು ಟಾಂಗಾದಲ್ಲಿಟ್ಟುಕೊಂಡು ನಮ್ಮ ಮನೆಗೇ ಬಂದರು. ಪೆಟ್ಟಿಗೆ ಪಡಸಾಲೆಯಲ್ಲಿ, ಅಜ್ಜಿ ಅಡುಗೆಮನೆಯಲ್ಲಿ. ಅಜ್ಜ ಎದ್ದು ಹೋಗಿ "ಏ, ಹೊರಗ ಬಾ. ಇವತ್ತರೆ ಎದುರಿಗೆ ಕೂತು ಕೇಳು," ಎಂದು ಅವಳನ್ನು ಕರೆತಂದರು. ಹಾಡಿನ ನಡುವೆ ಠಣ್ ಬಂದಾಗ ಅಜ್ಜಿ "ಅಯ್ಯ, ನನ್ನ ಮರ್ಯಾದಿ ಹೋತು!" ಎಂದು ಮುಖ ಮುಚ್ಚಿಕೊಂಡಳು.

"ಅದು ಇರಲಿಲ್ಲಂದ್ರ ನಾ ಅಲ್ಲೇ ತಿರಗಿ ತಿರಗಿ ಹಾಡ್ಕೋತ ಇರ್ತಿದ್ದೆ, ದೀಪ ಆರೂತನಕ," ಎಂದರು ಅಜ್ಜ. ಅವರ ಬಾಯಲ್ಲಿ ಆ ವಿಷಯ ಬಂದದ್ದು ಅದೇ ಮೊದಲು.

ಆಮೇಲೆ ಅಜ್ಜ ನಿಜವಾಗಿಯೂ ಊರೂರಿನ ಮನೆಗಳಿಗೆ ಹೋದರು. ಮೆಟ್ಟಿಲು ಏರಲಾಗದ ಹಳೆಯ ಗೆಳೆಯರು ಹಾಸಿಗೆಯಲ್ಲೇ ಅವರನ್ನು ಕೇಳಿದರು. ಅವಲಕ್ಕಿಯ ಮಾತಾಡಿದ್ದ ಗವಾಯಿಗಳೂ ಮರುವರ್ಷ ಮೆಲ್ಲಗೆ ಬಂದು, ಆ ಸಾಹೇಬ ಮತ್ತೆ ಯಾವಾಗ ಬರುತ್ತಾನೆ ಎಂದು ವಿಚಾರಿಸಿಕೊಂಡು ಹೋದರು. ಬೆಳಗಾವಿ ಕಡೆಯ ಹುಡುಗನೊಬ್ಬ ಪ್ಲೇಟು ಕೇಳಿಯೇ ಆ ತೋಡಿ ಕಲಿತು, ಅಜ್ಜನ ಮುಂದೆ ಹಾಡಿ ತೋರಿಸಿದ. ಆ ಜಾಗ ಬಂದಾಗ ಪಕ್ಕದಲ್ಲಿ ಕೂತ ಅವನ ತಮ್ಮ ಒಂದು ತಾಳ ಎತ್ತಿ ಠಣ್ ಎಂದು ಬಾರಿಸಿದ. ಅಜ್ಜ ಗಂಭೀರವಾಗಿ ತಲೆದೂಗಿದರು. ಅಡುಗೆಮನೆಯಲ್ಲಿ ನಾವು ಬಿದ್ದು ಬಿದ್ದು ನಕ್ಕೆವು.

ಈಗ ಆ ಮನೆ ಇಲ್ಲ, ಆ ಗೋಡೆಯೂ ಇಲ್ಲ. ಪ್ಲೇಟು ನನ್ನ ಹತ್ತಿರ ಇದೆ, ಸವೆದು ಬರೀ ಹುರಿಗಾಳು ಸಿಡಿದಂತೆ ಸದ್ದು ಮಾಡುತ್ತದೆ. ಹೋದ ತಿಂಗಳು ಮೊಮ್ಮಗ ಪ್ರಮೋದ ಅದನ್ನು ಒಯ್ದು, ಕಂಪ್ಯೂಟರಿನಲ್ಲಿ ಹಾಕಿ ತೊಳೆದು ತಂದ. "ಕಟಕಟ ಎಲ್ಲಾ ತಗದೇನಿ ಅಜ್ಜೀ, ಈಗ ಕೇಳು," ಎಂದ. ಅಜ್ಜ ಪಕ್ಕದ ಕೋಣೆಯಲ್ಲೇ ಕೂತು ಹಾಡಿದ ಹಾಗಿತ್ತು. ಉಸಿರೂ ಕೇಳಿಸಿತು. ಕಣ್ಣು ತುಂಬಿ ಬಂತು. ತಾನು ಇಳಿಯಿತು, ಬಳುಕಿತು, ಸಮಕ್ಕೆ ಬಂತು, ಅಜ್ಜ ನಿಂತರು. ನಾನು ಕಾದೆ.

ಏನೂ ಬರಲಿಲ್ಲ. ಧೂಳು ತೊಳೆಯುವಾಗ ನನ್ನ ಅಜ್ಜಿಯೂ ತೊಳೆದುಹೋಗಿದ್ದಳು.

ಹುಡುಗನದೇನು ತಪ್ಪು? ಅವನಿಗೆ ಅದು ಪಾತ್ರೆಯ ಸದ್ದು. ಈಗ ಎಲ್ಲರೂ ಒಬ್ಬೊಬ್ಬರೇ ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡು ಕೇಳುತ್ತಾರೆ, ಹಾಡುವವರಿಗೆ ಆಚೆ ಕಡೆಯಿಂದ ಒಂದು ಸದ್ದೂ ಹೋಗುವುದಿಲ್ಲ. ನಾನು ಅವನಿಗೆ ಅದೊಂದನ್ನೂ ಹೇಳಲಿಲ್ಲ. ಇನ್ನೊಮ್ಮೆ ಹಚ್ಚು ಎಂದು ಹೇಳಿ, ಅಡುಗೆಮನೆಯಿಂದ ಅಜ್ಜಿಯ ತಂಬಿಗೆಯನ್ನೂ ಒಂದು ಚಮಚವನ್ನೂ ತಂದುಕೊಂಡು ಕೂತೆ. ಆ ಜಾಗ ಬಂತು. ಅಜ್ಜ ನಿಂತರು. ನಾನು ಚಮಚ ತಾಕಿಸಿದೆ.

"ಏನಾತು ಅಜ್ಜೀ?" ಎಂದು ಗಾಬರಿಯಾದ ಪ್ರಮೋದ.

"ಏನಿಲ್ಲೋ. ಆಗಿಂದ ಕಾಯಾಕತ್ತಾರ ಪಾಪ. ಈಗ ಮುಂದ ಹೋಗ್ತಾರ ನೋಡು," ಎಂದೆ.

ಅಜ್ಜ ಮುಂದಿನ ತಾನಿಗೆ ಹೋದರು.